ಪೆನ್‌ಡ್ರೈವ್ ಇಲ್ಲದೆ ಅಂಗಡಿಗೆ ಹೋಗ್ಬೇಡಿ: ಲಿನಕ್ಸ್‌ಗೆ ಹಳೇ ಲ್ಯಾಪ್‌ಟಾಪ್ ಆರಿಸೋದು ಹೇಗೆ?

ಹಿನಕಲ್‌ನ ನನ್ನ ರೂಮಿಂದಾನೇ ಮಾತಾಡ್ತಿದ್ದೀನಿ. ಮಧ್ಯೆ ಹುಣಸೂರು ರಸ್ತೆ ಬಸ್ಸಿನ ಹಾರನ್ ಕೇಳಿಸಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ಬಿಸಿಎ ಸೇರಿರೋ ಚಿಕ್ಕಮ್ಮನ ಮಗಳು ಮೊನ್ನೆ ಫೋನ್ ಮಾಡಿದ್ಲು. "ಅಣ್ಣ, ಅಪ್ಪ 18 ಸಾವಿರ ಕೊಡ್ತಾರಂತೆ. ಅದರ ಮೇಲೆ ಒಂದು ರೂಪಾಯಿನೂ ಇಲ್ಲ. ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?"

ಹೊಸದು ಬೇಡ ಅಂದೆ. ಕಂಪನಿಗಳಲ್ಲಿ ದುಡಿದು, ಲೀಸ್ ಮುಗಿಸಿ ಬಂದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ನೋಡು. ಗಟ್ಟಿ ಬಾಡಿ, ಬಿಡಿಭಾಗ ಸಿಗುತ್ತೆ, ಲಿನಕ್ಸ್ ಕೂಡ ಇವುಗಳ ಮೇಲೆ ಸಾಮಾನ್ಯವಾಗಿ ಚೆನ್ನಾಗಿ ಓಡುತ್ತೆ.

ಇನ್ನೊಂದು ಲಾಭ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗೀತು. ವಿಂಡೋಸ್ 11 ಬೇಕಂದ್ರೆ ಇಂಟೆಲ್‌ನಲ್ಲಿ ಹೆಚ್ಚು ಕಡಿಮೆ 8ನೇ ಜನರೇಶನ್‌ನಿಂದ ಮೇಲಿನದು ಇರಬೇಕು. ಹಾಗಾಗಿ 6, 7ನೇ ಜನರೇಶನ್ ಮಷೀನುಗಳನ್ನ ಕೇಳೋರು ಕಮ್ಮಿ. ಲಿನಕ್ಸ್‌ಗೆ ಆ ತಕರಾರಿಲ್ಲ.

ಆದ್ರೂ 'ಐ5' ಅನ್ನೋ ಸ್ಟಿಕ್ಕರ್ ನೋಡಿ ಮರುಳಾಗ್ಬೇಡಿ. ಪಕ್ಕದ ನಂಬರ್ ಓದಿ. 7200ಯು ಅಂದ್ರೆ 7ನೇ ಜನರೇಶನ್, 2 ಕೋರ್. 8250ಯು ಅಂದ್ರೆ 8ನೇದು, 4 ಕೋರ್. ಒಂದೇ ಹೆಸರು, ಕೆಲಸ ಮಾಡೋ ಕೈ ಡಬಲ್. ಎರಡು ಸಾವಿರ ಜಾಸ್ತಿ ಹೇಳಿದ್ರೂ ನಾನು 8ನೇದಕ್ಕೇ ಹೋಗ್ತೀನಿ.

ರ‍್ಯಾಮ್ 8 ಜಿಬಿ ಇರಲಿ. ಲಿನಕ್ಸ್ ಮಿಂಟ್‌ನವರು 4 ಜಿಬಿ ಇದ್ರೆ ಆರಾಮ ಅಂತಾರೆ, ಆದ್ರೆ ಕ್ರೋಮ್‌ಗೆ ಅದು ಗೊತ್ತಿಲ್ವಲ್ಲ! ಮುಂದೆ ಹೆಚ್ಚಿಸೋಕಾಗುತ್ತಾ ಅಂತಲೂ ನೋಡಿ: ಥಿಂಕ್‌ಪ್ಯಾಡ್ ಟಿ480ರಲ್ಲಿ ಎರಡು ಸ್ಲಾಟ್ ಇದೆ, ತೆಳ್ಳಗಿರೋ ಎಕ್ಸ್1 ಕಾರ್ಬನ್‌ನಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ.

ಈಗ ನನ್ನ ಪೆಟ್ಟಿನ ಕಥೆ. ಮೊದಲ ಸಲ ನಾನು ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅಂಗಡಿಯಲ್ಲಿ ವಿಂಡೋಸ್ ತೋರಿಸ್ತು, ಹಾಡು ಹಾಡ್ತು, ಖುಷಿಯಾಗಿ ದುಡ್ಡು ಕೊಟ್ಟೆ. ಮನೆಗೆ ಬಂದು ಪೆನ್‌ಡ್ರೈವ್ ಹಾಕಿದ್ರೆ ಬಯೋಸ್ ಪಾಸ್‌ವರ್ಡ್ ಕೇಳ್ತು. ಹಾಕಿದವರು ಯಾವುದೋ ಕಂಪನಿಯ ಐಟಿಯವರು, ಅಂಗಡಿಯವರಿಗೆ ಗೊತ್ತೇ ಇಲ್ಲ. ಕೆಲವು ಮಾಡೆಲ್‌ಗಳಲ್ಲಿ ಇದಕ್ಕೆ ಮದರ್‌ಬೋರ್ಡೇ ಬದಲಿಸಬೇಕು. ಬಿ.ಕಾಂ. ಓದಿದ ನಾನು ಬಿಲ್ಲೂ ತಗೊಂಡಿರಲಿಲ್ಲ. ನಗಬೇಡಿ.

ಅದಕ್ಕೇ ಹೋಗೋ ಮುಂಚೆ ಪೆನ್‌ಡ್ರೈವ್‌ಗೆ ಮಿಂಟ್ ಬರೆದುಕೊಳ್ಳಿ. ಕಾಪಿ-ಪೇಸ್ಟ್ ಮಾಡಿದ್ರೆ ಆಗಲ್ಲ, ಎಚರ್ ಅಥವಾ ರೂಫಸ್ ಬೇಕು. ಅಂಗಡಿಯಲ್ಲಿ ಆನ್ ಮಾಡ್ತಿದ್ದ ಹಾಗೇ ಎಫ್12 ಒತ್ತಿ (ಎಚ್‌ಪಿಯಲ್ಲಿ ಎಫ್9), ಪೆನ್‌ಡ್ರೈವಿಂದ ಬೂಟ್ ಮಾಡಿ. ಇನ್‌ಸ್ಟಾಲ್ ಮಾಡದೇನೇ ಮಿಂಟ್ ಓಡುತ್ತೆ. ಹಾಗೇ ಬಯೋಸ್ ಒಳಗೂ ಒಂದ್ಸಲ ಹೋಗಿ ಬನ್ನಿ. ಪಾಸ್‌ವರ್ಡ್ ಕೇಳಿದ್ರೆ ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ.

ಬೂಟ್ ಆದ್ರೆ ಮೊಬೈಲ್ ಹಾಟ್‌ಸ್ಪಾಟ್‌ಗೆ ವೈಫೈ ಕನೆಕ್ಟ್ ಮಾಡಿ, ಒಂದು ವಿಡಿಯೋ ಹಾಕಿ, ಕ್ಯಾಮೆರಾ ತೆಗೆಯಿರಿ, ಒಂದೊಂದೇ ಕೀ ಒತ್ತಿ. ಬ್ಯಾಟರಿಗೆ ಟರ್ಮಿನಲ್‌ನಲ್ಲಿ 'ಯುಪವರ್', ಸ್ಪೇಸ್, ಹೈಫನ್, 'ಡಿ' ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ. ಬ್ಯಾಟರಿ ಹೊಸದಿದ್ದಾಗಿನ ಸಾಮರ್ಥ್ಯ, ಈಗಿನದು, ಎರಡೂ ಬರುತ್ತೆ. ಅರ್ಧಕ್ಕಿಳಿದಿದ್ರೆ ಹೊಸ ಬ್ಯಾಟರಿ ರೇಟು ಕಳೆದು ಚೌಕಾಸಿ ಶುರು ಮಾಡಿ.

ಕಾಮರ್ಸ್‌ನವರಿಗೆ ಒಂದು ಮಾತು. ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು. ದಿನಾ ಟ್ಯಾಲಿ ಬೇಕು ಅನ್ನೋರು ಈ ಎಪಿಸೋಡ್ ನಂಬಿ ವಿಂಡೋಸ್ ಅಳಿಸ್ಬೇಡಿ. ಅಂಥವರು 8ನೇ ಜನರೇಶನ್ ತಗೊಂಡು ಎರಡೂ ಇಟ್ಕೊಳ್ಳಿ. ಕನ್ನಡ ಟೈಪಿಂಗ್‌ಗೆ ಚಿಂತೆಯಿಲ್ಲ, ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ವಿನ್ಯಾಸ ಇದ್ದೇ ಇದೆ.

ಕೊನೆಗೆ ಬಿಲ್. ಅದರಲ್ಲಿ ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್ ಮತ್ತೆ ವಾರಂಟಿ ಎಷ್ಟು ತಿಂಗಳು ಅಂತ ಬರೆಸಿಕೊಳ್ಳಿ. "ಬಾಯಲ್ಲಿ ಹೇಳಿದ್ದೀವಲ್ಲ ಸರ್" ಅಂದ್ರೆ, ಪಕ್ಕದ ಅಂಗಡಿ ನೋಡಿ.