ಅರಳು ಮರಳಲ್ಲ, ಸನ್ನಿ ಇರಬಹುದು

ಸೊಂಟದ ಮೂಳೆ ಮುರಿದ ಅಜ್ಜಿಗೆ ಆಪರೇಷನ್ ಚೆನ್ನಾಗಿಯೇ ಆಗಿದೆ. ಎರಡನೆಯ ರಾತ್ರಿ ಆಕೆ ಮಗನನ್ನೇ ‘ನೀನ್ಯಾರು?’ ಎಂದು ಕೇಳುತ್ತಾರೆ. ದನ ಬಿಚ್ಚಿಕೊಂಡಿದೆ ಎಂದು ಮಂಚ ಇಳಿಯಲು ಹೊರಡುತ್ತಾರೆ. ‘ಅರಳು ಮರಳು ಶುರುವಾಯಿತು’ ಎಂದು ಮನೆಯವರು ಕೈಚೆಲ್ಲುತ್ತಾರೆ.

ಅವಸರ ಬೇಡ. ಅರಳು ಮರಳು ವರ್ಷಗಟ್ಟಲೆ ಮೆಲ್ಲಗೆ ಬರುವಂಥದ್ದು. ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬುದ್ಧಿ ಕಲಕಿ, ದಿನದಲ್ಲೇ ಏರಿಳಿಯುತ್ತಿದ್ದರೆ ಅದು ಸನ್ನಿ. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಕೆಲವರು ಗಲಾಟೆ ಮಾಡದೆ ಮಂಕಾಗಿ ಮಲಗಿಬಿಡುವುದೂ ಉಂಟು.

ಯೋಚನೆ ಮಿದುಳೊಂದರದೇ ಕೆಲಸವಲ್ಲ. ತೂಕದಲ್ಲಿ ದೇಹದ ಶೇ. 2ರಷ್ಟಿರುವ ಮಿದುಳು, ನಾವು ಸುಮ್ಮನಿದ್ದಾಗಲೂ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಬೇಡುತ್ತದೆ. ಹೀಗಾಗಿ ವಯಸ್ಸಾದವರಲ್ಲಿ ಮೂತ್ರದ ಸೋಂಕು, ನೀರಿನ ಕೊರತೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ನೋವು, ಮಲಬದ್ಧತೆ, ಕೆಲವು ನಿದ್ರೆ ಮಾತ್ರೆಗಳು ಬುದ್ಧಿಯನ್ನು ಕದಡಬಲ್ಲವು.

ಸುತ್ತಲಿನ ಪರಿಸರವೂ ಅಷ್ಟೇ ಮುಖ್ಯ. ರಾತ್ರಿಯಿಡೀ ಉರಿಯುವ ದೀಪ, ಗುರುತಿಲ್ಲದ ಮುಖಗಳು, ಚೀಲದಲ್ಲೇ ಉಳಿದ ಕನ್ನಡಕ. ಹಗಲು ಯಾವುದು, ಇರುಳು ಯಾವುದು ಎಂದು ತಿಳಿಯುವುದಾದರೂ ಹೇಗೆ? ಅಮೆರಿಕದ ಯೇಲ್‌ನಲ್ಲಿ ಡಾ. ಶರನ್ ಇನೌಯೆ ಮತ್ತು ಸಂಗಡಿಗರು 70 ದಾಟಿದ 852 ರೋಗಿಗಳ ಅಧ್ಯಯನವನ್ನು 1999ರಲ್ಲಿ ಪ್ರಕಟಿಸಿದರು. ಒಳ್ಳೆಯ ನಿದ್ರೆ, ನೀರು, ಕನ್ನಡಕ, ಶ್ರವಣಯಂತ್ರ, ಓಡಾಟ, ಮಾತುಕತೆ: ಇಷ್ಟರ ಮೇಲೆ ನಿಗಾ ಇಟ್ಟಾಗ ಸನ್ನಿಗೆ ಒಳಗಾದವರು ಶೇ. 15ರ ಬದಲು ಶೇ. 9.9 ಮಾತ್ರ.

ಸಂಸ್ಕೃತಿಯ ಪಾತ್ರವೂ ಇದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ತಾರೀಕು ಗೊತ್ತಿಲ್ಲದಿದ್ದರೆ ಅದು ರೋಗವಲ್ಲ. ವಾರ, ಹಬ್ಬ ಕೇಳಿ ನೋಡಿ. ಅಮೆರಿಕದ ಬುದ್ಧಿಪರೀಕ್ಷೆಯೊಂದನ್ನು ಬದಲಿಸಿ, ಹರಿಯಾಣದ ಬಲ್ಲಭಗಡದ ಓದುಬರಹ ಬಾರದ ವೃದ್ಧರಿಗೆ ಹೊಂದುವ ಹಿಂದಿ ಪರೀಕ್ಷೆಯನ್ನು 1995ರಲ್ಲಿ ಪ್ರಕಟಿಸಿದ್ದು ಇದಕ್ಕಾಗಿಯೇ.

ನೀವು ಮಾಡಬೇಕಾದದ್ದು: ಮನೆಯವರೊಬ್ಬರು ಸದಾ ಬಳಿಯಲ್ಲಿರಿ. ಕನ್ನಡಕ ಹಾಕಿಸಿ, ಶ್ರವಣಯಂತ್ರವಿದ್ದರೆ ತೊಡಿಸಿ. ಹಗಲು ಬೆಳಕಿರಲಿ, ರಾತ್ರಿ ದೀಪ ತಗ್ಗಲಿ. ಆಗಾಗ ‘ಇದು ಆಸ್ಪತ್ರೆ, ನಾನು ನಿಮ್ಮ ಮಗ’ ಎಂದು ಅವರ ಮನೆಮಾತಿನಲ್ಲೇ ಸಮಾಧಾನವಾಗಿ ಹೇಳಿ. ವಾದಕ್ಕಿಳಿಯಬೇಡಿ. ವೈದ್ಯರನ್ನು ಕೇಳದೆ ನಿದ್ರೆ ಮಾತ್ರೆ ಕೊಡಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ತಡಮಾಡದೆ ವೈದ್ಯರಿಗೆ ತಿಳಿಸಿ. ನಿಮ್ಮ ಅಜ್ಜಿಯನ್ನು ಅವರು ಮೊದಲು ಕಂಡವರಲ್ಲ. ‘ಮೊನ್ನೆಯವರೆಗೆ ಹಾಲಿನ ಲೆಕ್ಕ ಇವರೇ ಇಡುತ್ತಿದ್ದರು’ ಎಂಬ ನಿಮ್ಮ ಒಂದು ಮಾತು ಚಿಕಿತ್ಸೆಯ ದಾರಿಯನ್ನೇ ಬದಲಿಸಬಹುದು.