ಆಷಾಢದ ರಿಯಾಯಿತಿ ಮತ್ತು ಮನೆಯ ಬೀರು

ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಹೊಸ ಸೊಸೆ ತವರಿಗೆ ಹೋಗುವ ತಿಂಗಳದು. ಸಂಪ್ರದಾಯದಂತೆ ನಡೆದಿದ್ದರೆ ಬೆಂಗಳೂರಿನ ಚಿಕ್ಕಪೇಟೆ, ಜಯನಗರಗಳ ಜವಳಿ ಮಳಿಗೆಗಳು ಆಗ ಬಿಕೋ ಎನ್ನಬೇಕಿತ್ತು. ಆದರೆ 'ಆಷಾಢ ಸೇಲ್' ಎಂಬ ಫಲಕ ತೂಗಿದೊಡನೆ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಪಂಚಾಂಗ ಬದಿಗಿಟ್ಟ ತಿಂಗಳನ್ನೇ ವರ್ತಕರು ಖರೀದಿಯ ಹಬ್ಬವಾಗಿಸಿದ್ದಾರೆ.

ಇದಕ್ಕಾಗಿ ಅವರನ್ನು ದೂರಲಾರೆ. ಅಂಗಡಿಯ ಕಪಾಟಿನಲ್ಲಿ ಕುಳಿತ ಸೀರೆ ಸುಮ್ಮನೆ ಕುಳಿತಿರುವುದಿಲ್ಲ. ಅದಕ್ಕೆ ಹೂಡಿದ ಹಣದ ಬಡ್ಡಿ ಬೆಳೆಯುತ್ತಿರುತ್ತದೆ, ಮಳಿಗೆಯ ಬಾಡಿಗೆ ಏರುತ್ತಿರುತ್ತದೆ. ಶ್ರಾವಣದ ವರಮಹಾಲಕ್ಷ್ಮಿ ವ್ರತ, ಭಾದ್ರಪದದ ಗೌರಿ ಹಬ್ಬಗಳಿಗೆ ಹೊಸ ಸರಕು ಬರುವಷ್ಟರಲ್ಲಿ ಹಳೆಯದು ತೆರವಾಗಬೇಕು. ಬೇಡಿಕೆ ಕುಸಿದಾಗ ಬೆಲೆ ಇಳಿಸುವುದು ಅರ್ಥಶಾಸ್ತ್ರದ ಮೊದಲ ಪಾಠ. ನನ್ನ ಪ್ರಶ್ನೆ ಇಷ್ಟೆ: ಅವರ ದಾಸ್ತಾನಿನ ಹೊರೆಯನ್ನು ನಮ್ಮ ಮನೆಯ ಬೀರುವಿಗೆ ನಾವೇಕೆ ವರ್ಗಾಯಿಸಿಕೊಳ್ಳಬೇಕು? (ಸರ್ಕಾರಿ ನೌಕರಿಯಲ್ಲಿದ್ದವನಿಗೆ ವರ್ಗಾವಣೆಯ ಮಾತು ಬೇಗ ನಾಲಗೆಗೆ ಬರುತ್ತದೆ.)

2017ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಷ್ಟು ಹಿಂದೆಯೇ ಇದರ ಮೂಲವನ್ನು ಗುರುತಿಸಿದ್ದರು. ಕೊಳ್ಳುವವನಿಗೆ ಎರಡು ಬಗೆಯ ತೃಪ್ತಿಗಳಿವೆ. ವಸ್ತುವಿನ ಉಪಯೋಗದಿಂದ ಸಿಗುವುದು ಒಂದು. ಕಡಿಮೆ ಬೆಲೆಗೆ ಗಿಟ್ಟಿಸಿಕೊಂಡೆನೆಂಬ ವ್ಯವಹಾರದ ಸುಖ ಮತ್ತೊಂದು. ಈ ಎರಡನೆಯ ಸುಖಕ್ಕೆ ವಸ್ತು ಬೇಕಾಗಿರಲೇಬೇಕೆಂಬ ನಿಯಮವಿಲ್ಲ. 2,000 ರೂಪಾಯಿಯ ಅಂಗಿ 800ಕ್ಕೆ ಸಿಕ್ಕಿತು, 1,200 ಉಳಿಯಿತು ಎನ್ನುತ್ತೇವೆ. 2,000 ಕೊಟ್ಟು ಅದನ್ನು ಕೊಳ್ಳುವ ಇರಾದೆಯೇ ನಮಗಿರಲಿಲ್ಲವೆಂದ ಮೇಲೆ ಉಳಿದದ್ದು ಯಾವ 1,200? ಕೈಬಿಟ್ಟು ಹೋದ 800 ಮಾತ್ರ ನಿಜ. ಇನ್ನು ಆ 2,000 ಎಂಬ ಗರಿಷ್ಠ ಮಾರಾಟ ಬೆಲೆ ತಯಾರಕರೇ ಮುದ್ರಿಸಿದ ಮೇಲ್ಮಿತಿಯೇ ಹೊರತು ಯಾವ ಅಧಿಕಾರಿಯೂ ಬಟ್ಟೆಯನ್ನು ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರವಲ್ಲ.

ಫಲಕಗಳ ಗಣಿತವನ್ನೂ ತುಸು ಪರಿಶೀಲಿಸಬೇಕು. 'ಶೇ 50 ಮತ್ತು ಶೇ 20' ಎಂದರೆ ಶೇ 70 ಅಲ್ಲ. ಅರ್ಧವಾದ ಬೆಲೆಯ ಮೇಲೆ ಶೇ 20, ಒಟ್ಟು ಶೇ 60. 'ಎರಡು ಕೊಂಡರೆ ಒಂದು ಉಚಿತ' ಎಂಬುದು ಮೂರರ ಮೇಲೆ ಶೇ 33ರಷ್ಟು ರಿಯಾಯಿತಿ. ಒಂದೇ ಅಂಗಿ ಬೇಕಿದ್ದವನು ತೆರುವುದು ಎರಡರ ಹಣ. 'ಶೇ 60ರವರೆಗೆ' ಎಂಬಲ್ಲಿ 'ವರೆಗೆ' ಎಂಬ ಪದ ಇರುವೆ ಗಾತ್ರದಲ್ಲಿರುತ್ತದೆ. 'ಮಾರಿದ ಸರಕು ವಾಪಸಿಲ್ಲ' ಎಂಬ ಸೂಚನೆಗೂ ಹೆದರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷಪೂರಿತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ.

ಆಷಾಢಕ್ಕಾದರೂ ಕೊನೆಯಿತ್ತು. 2014ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ 'ಬಿಗ್ ಬಿಲಿಯನ್ ಡೇ' ಆರಂಭಿಸಿದ ತರುವಾಯ ರಿಯಾಯಿತಿ ಮೊಬೈಲಿನೊಳಗೇ ಮನೆ ಮಾಡಿದೆ. ಚಿಕ್ಕಪೇಟೆಗೆ ಹೋಗಬೇಕಾದರೆ ಬಸ್ಸು ಹಿಡಿಯಬೇಕು, ಬೆವರಬೇಕು. ಆ ಶ್ರಮವೇ ಅರ್ಧ ಆಸೆಯನ್ನು ಇಂಗಿಸುತ್ತಿತ್ತು. ಈಗ ಹಾಸಿಗೆಯಲ್ಲಿ ಮಲಗಿಯೇ ಕ್ರೆಡಿಟ್ ಕಾರ್ಡಿನಲ್ಲಿ ಪಾವತಿಸಬಹುದು. ಆ ಬಾಕಿಯನ್ನು ಪೂರ್ತಿ ತೀರಿಸದೆ ಮುಂದೂಡಿದರೆ ಬಹುತೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇ 3ಕ್ಕೂ ಹೆಚ್ಚು ಬಡ್ಡಿ. ಶೇ 30ರ ರಿಯಾಯಿತಿಯ ಉಡುಪಿಗೆ ವರ್ಷಕ್ಕೆ ಶೇ 36ನ್ನು ಮೀರಿದ ಬಡ್ಡಿ ಕಟ್ಟುವ ಯುವ ನೌಕರರು ಈ ನಗರದಲ್ಲಿ ವಿರಳರೇನಲ್ಲ.

ಗಾಂಧಿ ಜಯಂತಿಯ ಸುಮಾರಿಗೆ ಬರುವ ಖಾದಿ ರಿಯಾಯಿತಿಯ ವಿಷಯದಲ್ಲಿ ನಾನು ಅಷ್ಟು ಕಟುವಾಗಿಲ್ಲ. ಅಲ್ಲಿ ತೆರವಾಗುವ ದಾಸ್ತಾನಿನ ಹಿಂದೆ ನೂಲುವವರ, ನೇಯುವವರ ಕೂಲಿ ಇದೆ. ಆದರೂ ಉಡದ ಖಾದಿಗೆ ಹುಳು ಹಿಡಿಯದೆ ಇರದು.

ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ಜ್ಯೇಷ್ಠ ಮುಗಿಯುವ ಮುನ್ನ, ಪತ್ರಿಕೆಗಳ ಪುಟ ತುಂಬ ಜಾಹೀರಾತು ಬರುವ ಮೊದಲೇ, ಬೀರುವನ್ನು ಬರಿದು ಮಾಡಿ ಎಲ್ಲವನ್ನೂ ಮಂಚದ ಮೇಲೆ ಹರಡುತ್ತೇವೆ. ಹರಿದದ್ದು, ಬಿಗಿಯಾದದ್ದು, ನಿಜಕ್ಕೂ ಇಲ್ಲದ್ದು ಯಾವುದೆಂದು ನೋಡಿ ಚೀಟಿಯಲ್ಲಿ ಬರೆದು, ಕೊಡಲು ಸಿದ್ಧವಿರುವ ಬೆಲೆಯನ್ನೂ ಎದುರಿಗೆ ನಮೂದಿಸುತ್ತೇವೆ. ಅಂಗಡಿಯಲ್ಲಿ ಚೀಟಿಯಷ್ಟೇ ಮಾತನಾಡುತ್ತದೆ. ಕಳೆದ ಬಾರಿ ಅದರಲ್ಲಿದ್ದುದು ಎರಡು ಪಂಚೆ, ಒಂದು ಹತ್ತಿ ಸೀರೆ. ಸೀರೆ ಬರೆದಿಟ್ಟ ಬೆಲೆಗಿಂತ ಕಡಿಮೆಗೇ ಸಿಕ್ಕಿತು. ಪಂಚೆಗೆ ರಿಯಾಯಿತಿ ಇರಲಿಲ್ಲ. ಪೂರ್ತಿ ಬೆಲೆ ಕೊಟ್ಟು ತಂದೆವು.