ಹೊಸ ಜ್ವರಕ್ಕೆ ಎಷ್ಟು ಹೆದರಬೇಕು?

ಒಂದು ಮಳೆಗಾಲದ ಮಧ್ಯಾಹ್ನ ತರಗತಿಯಲ್ಲಿ ರಸಪ್ರಕರಣದ ಪಾಠ ನಡೆದಿತ್ತು. ಭಯಾನಕ ರಸಕ್ಕೆ ಭಯವೇ ಸ್ಥಾಯಿಭಾವವೆಂದು ನಾನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, ‘ಸಾರ್, ಪತ್ರಿಕೆಯಲ್ಲಿ ಮತ್ತೆ ಹಕ್ಕಿಜ್ವರದ ಸುದ್ದಿ ಬಂದಿದೆ. ನಾವು ಎಷ್ಟು ಹೆದರಬೇಕು?’ ಎಂದಳು. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ‘ಹೆದರಬೇಕೆ?’ ಎಂದು ಅವಳು ಕೇಳಿರಲಿಲ್ಲ, ‘ಎಷ್ಟು?’ ಎಂದು ಕೇಳಿದ್ದಳು. ಉಪ್ಪಿಗೆ ಹೇಗೋ ಹಾಗೆ ಭಯಕ್ಕೂ ಒಂದು ಹದವುಂಟೆಂಬ ನಂಬಿಕೆ ಆ ಮಾತಿನಲ್ಲಿತ್ತು. ನಾನು ವೈದ್ಯನಲ್ಲ, ಕನ್ನಡದ ಮೇಷ್ಟರು. ಆದರೆ ಈ ಹದದ ವಿಷಯದಲ್ಲಿ ಒಮ್ಮೆ ಬಲವಾಗಿ ಎಡವಿದವನಾದ್ದರಿಂದ, ನಾಲ್ಕು ಮಾತು ಬರೆಯುವ ಹಕ್ಕು ನನಗುಂಟೆಂದು ಭಾವಿಸುತ್ತೇನೆ.

ಫ್ಲೂ ಎಂದು ನಾವು ಮೊಟಕಾಗಿ ಕರೆಯುವ ಇನ್‌ಫ್ಲುಯೆಂಜ ಎಂಬ ಹೆಸರು ಇಟಲಿಯದು. ‘ಪ್ರಭಾವ’ವೆಂದು ಅದರ ಅರ್ಥ. ನಕ್ಷತ್ರಗಳ ಪ್ರಭಾವದಿಂದ ಈ ಜ್ವರ ಬರುತ್ತದೆಂದು ಹಿಂದಿನವರು ತಿಳಿದಿದ್ದರು. ನಮ್ಮಲ್ಲಿ ಮಾರಿಯನ್ನು ಊರಾಚೆಗೆ ಕಳಿಸಿಬರುವ ಪದ್ಧತಿಯ ಹಿಂದೆ ಇರುವುದೂ ಇಂಥದೇ ದಿಗ್ಭ್ರಮೆ. ಕಾಣದ ಕಾರಣಕ್ಕೆ ಮನುಷ್ಯ ಒಂದು ಹೆಸರನ್ನಾದರೂ ಕೊಡಬೇಕಷ್ಟೆ. ನಿಜವಾದ ಕಾರಣವಾದ ವೈರಸ್ಸನ್ನು ಮನುಷ್ಯರಿಂದ ಬೇರ್ಪಡಿಸಿ ತೋರಿಸಿದ್ದು ಲಂಡನ್ನಿನಲ್ಲಿ, 1933ರಲ್ಲಿ. ಎಂದರೆ, ಮಹಾಮಾರಿ ಬಂದು ಹೋಗಿ ಹದಿನೈದು ವರ್ಷಗಳಾದ ಮೇಲೆ.

ಆ ಮಹಾಮಾರಿ 1918ರದು. ಜೂನ್ ತಿಂಗಳಲ್ಲಿ ಮುಂಬಯಿಯ ಬಂದರಿನ ಕಡೆಯಿಂದ ಅದು ನಮ್ಮ ದೇಶವನ್ನು ಹೊಕ್ಕಿತು. ಮೊದಲ ಅಲೆ ಮೆದುವಾಗಿತ್ತು. ಜನ ನಾಲ್ಕು ದಿನ ಮಲಗಿ ಎದ್ದರು. ಸೆಪ್ಟೆಂಬರಿನಲ್ಲಿ ಬಂದ ಎರಡನೆಯ ಅಲೆ ಹಾಗಿರಲಿಲ್ಲ. ಮುದುಕರನ್ನೂ ಹಸುಳೆಗಳನ್ನೂ ಮಾತ್ರವಲ್ಲ, ಇಪ್ಪತ್ತರಿಂದ ನಲವತ್ತರ ಒಳಗಿನ ಗಟ್ಟಿಮುಟ್ಟಾದವರನ್ನೂ ಅದು ಕೊಂಡೊಯ್ಯಿತು. ಈ ದೇಶವೊಂದರಲ್ಲೇ ಒಂದು ಕೋಟಿಗೂ ಮೀರಿದ ಜನ ಸತ್ತರೆಂದು ವಿದ್ವಾಂಸರ ಅಂದಾಜು. ಇಪ್ಪತ್ತನೆಯ ಶತಮಾನದಲ್ಲಿ ಭಾರತದ ಜನಸಂಖ್ಯೆ ಏರುವ ಬದಲು ಇಳಿದ ದಶಕ ಒಂದೇ: 1911ರಿಂದ 1921ರವರೆಗಿನದು. ಹಿಂದಿಯ ಮಹಾಕವಿ ನಿರಾಲಾ ಪತ್ನಿಯನ್ನೂ ಬಂಧುಗಳನ್ನೂ ಕಳೆದುಕೊಂಡದ್ದು ಈ ಜ್ವರದಲ್ಲಿಯೇ.

ಆದರೆ ಇಷ್ಟಕ್ಕೇ ನಿಂತರೆ ಪಾಠ ಅರ್ಧವಾಯಿತು. ಆ ವರ್ಷ ಮಳೆ ಕೈಕೊಟ್ಟಿತ್ತು. ಯುದ್ಧದಿಂದಾಗಿ ಧಾನ್ಯದ ಬೆಲೆ ಏರಿತ್ತು. ಹೊಟ್ಟೆ ಬರಿದಾಗಿದ್ದ ಮೈಗಳಿಗೆ ಜ್ವರ ಬಂದಿತು. ಜ್ವರದ ಬೆನ್ನಿಗೇ ಬರುತ್ತಿದ್ದ ನ್ಯುಮೋನಿಯಕ್ಕೆ ಆಗ ಮದ್ದಿರಲಿಲ್ಲ. ಪೆನಿಸಿಲಿನ್ ಇನ್ನೂ ಹುಟ್ಟಿರಲಿಲ್ಲ. ಮುಂಬಯಿ ನಗರದಲ್ಲಿ ‘ಕೆಳಜಾತಿ’ಯವರೆಂದು ಲೆಕ್ಕಕ್ಕೆ ಬಂದ ಬಡವರಲ್ಲಿ ಸಾವಿರಕ್ಕೆ ಅರುವತ್ತಕ್ಕೂ ಮಿಕ್ಕಿ ಜನ ಸತ್ತರೆ, ಅಲ್ಲಿಯೇ ಇದ್ದ ಐರೋಪ್ಯರಲ್ಲಿ ಸತ್ತವರು ಸಾವಿರಕ್ಕೆ ಒಂಬತ್ತಕ್ಕಿಂತ ಕಡಮೆ. ರೋಗ ಒಂದೇ, ಊರೂ ಒಂದೇ. ಜ್ವರಕ್ಕೆ ಭೇದವಿಲ್ಲವೆಂಬ ಮಾತು ಕೇಳಲು ಚೆನ್ನ. ಗಾಳಿ ಬೆಳಕಿನ ಮನೆ, ಅನ್ನ, ಆರೈಕೆ ಇವುಗಳಲ್ಲಿರುವ ಭೇದವೇ ಸಾವಿನ ಭೇದವೂ ಆಗುತ್ತದೆ.

ಮುಂದೆ 1957ರ ಮೇ ತಿಂಗಳಲ್ಲಿ ಇನ್ನೊಂದು ಹೊಸ ಫ್ಲೂ ಹಡಗೇರಿ ಮದರಾಸಿಗೆ ಬಂದಿಳಿಯಿತು. ಕೆಲವು ತಿಂಗಳಲ್ಲಿ ದೇಶದಾದ್ಯಂತ ನಲವತ್ತು ಲಕ್ಷಕ್ಕೂ ಹೆಚ್ಚು ಜನ ಮಲಗಿದರೆಂದು ದಾಖಲೆಗಳು ಹೇಳುತ್ತವೆ. ಆದರೆ 1918 ಮರುಕಳಿಸಲಿಲ್ಲ. ಅಮೆರಿಕದಲ್ಲಿ 1976ರಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಒಂದು ಸೇನಾಶಿಬಿರದಲ್ಲಿ ಹಂದಿಯ ಫ್ಲೂವಿನಿಂದ ಒಬ್ಬ ಸೈನಿಕ ಸತ್ತನು. ಮತ್ತೆ ಮಹಾಮಾರಿ ಬಂತೆಂದು ಸರ್ಕಾರ ನಾಲ್ಕು ಕೋಟಿಗೂ ಹೆಚ್ಚು ಜನಕ್ಕೆ ಲಸಿಕೆ ಹಾಕಿಸಿತು. ಮಾರಿ ಬರಲೇ ಇಲ್ಲ. ಲಸಿಕೆ ಪಡೆದ ಕೆಲವರಲ್ಲಿ ನರಗಳ ದೌರ್ಬಲ್ಯ ಕಾಣಿಸಿಕೊಂಡು ಆ ವರ್ಷದ ಡಿಸೆಂಬರಿನಲ್ಲಿ ಕಾರ್ಯಕ್ರಮವೇ ನಿಂತಿತು. ಹೆದರದೆ ಕೆಟ್ಟವರುಂಟು, ಹೆದರಿ ಕೆಟ್ಟವರೂ ಉಂಟು.

ನಾನು ಎರಡನ್ನೂ ಮಾಡಿದವನು. 2009ರಲ್ಲಿ ಹಂದಿಜ್ವರವೆಂಬ ಹೆಸರಿನಲ್ಲಿ ಹೊಸ ಫ್ಲೂ ಬಂದಿತು. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಪಿಡುಗೆಂದು ಸಾರಿತು. ಆಗಸ್ಟಿನಲ್ಲಿ ಪುಣೆಯಲ್ಲಿ ಶಾಲಾ ಬಾಲಕಿಯೊಬ್ಬಳು ತೀರಿಕೊಂಡಳು. ಆಗ ನನ್ನ ಹೆದರಿಕೆಗೆ ಮಿತಿಯಿರಲಿಲ್ಲ. ಮನೆಮಂದಿಗೆಲ್ಲ ಮುಖವಾಡ ತಂದೆ. ಕರ್ಪೂರ ಏಲಕ್ಕಿಯ ಗಂಟನ್ನು ಜೇಬಿನಲ್ಲಿಟ್ಟುಕೊಂಡು ಪಾಠ ಹೇಳಿದೆ. ಹತ್ತಿರದ ನೆಂಟರ ಮದುವೆಗೆ ಅಮ್ಮನನ್ನು ಕಳಿಸದೆ ನಿಷ್ಠುರ ಕಟ್ಟಿಕೊಂಡೆ. ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ.

ಆರು ವರ್ಷ ಕಳೆಯಿತು. 2015ರ ಫೆಬ್ರವರಿಯಲ್ಲಿ ಸಕ್ಕರೆ ಕಾಯಿಲೆಯಿದ್ದ ನನ್ನ ಅಕ್ಕನಿಗೆ ಜ್ವರ ಬಂದಿತು. ‘ಬರೀ ಫ್ಲೂ, ಮೂರು ದಿನ ಮಲಗಿದರೆ ಸರಿಹೋಗುತ್ತದೆ’ ಎಂದವನು ನಾನೇ. ಮೆಣಸು ಜೀರಿಗೆಯ ಕಷಾಯ ಕಾಸಿಕೊಟ್ಟವನೂ ನಾನೇ. ನಾಲ್ಕನೆಯ ದಿನ ಬೆಳಗ್ಗೆ ಅವಳಿಗೆ ಒಂದು ವಾಕ್ಯವನ್ನು ಉಸಿರು ಕಡಿಯದೆ ಮುಗಿಸಲಾಗಲಿಲ್ಲ. ಆಸ್ಪತ್ರೆಯ ವೈದ್ಯರು, ‘ಎರಡು ದಿನ ಮೊದಲೇ ಏಕೆ ಕರೆತರಲಿಲ್ಲ?’ ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಮೂರು ವಾರ ಹೋರಾಡಿ ಉಳಿದುಕೊಂಡಳು.

ಆಮೇಲೆ ಲೆಕ್ಕ ನೋಡಿದೆ. 2009ರಲ್ಲಿ ಆ ಜ್ವರದಿಂದ ಭಾರತದಲ್ಲಿ ಸತ್ತರೆಂದು ದಾಖಲಾದವರು ಸಾವಿರದ ಒಳಗೆ. 2015ರಲ್ಲಿ ನಲವತ್ತೆರಡು ಸಾವಿರಕ್ಕೂ ಹೆಚ್ಚು ಜನಕ್ಕೆ ರೋಗ ತಗಲಿ ಸುಮಾರು ಮೂರು ಸಾವಿರ ಮಂದಿ ಸತ್ತರು. ವೈರಸ್ಸು ಅದೇ ಸಂತತಿಯದು. ಹೊಸತನ ಮಾತ್ರ ಹೋಗಿತ್ತು. ಹೊಸತನದೊಡನೆ ನಮ್ಮ ಭಯವೂ ಹೋಗಿತ್ತು. ನಾನು ಹೆದರಿದ್ದು ಜ್ವರಕ್ಕಲ್ಲ, ಸುದ್ದಿಗೆ ಎಂಬುದು ಅಂದು ತಿಳಿಯಿತು. ಪ್ರತಿವರ್ಷ ಬಂದುಹೋಗುವ ಹಳೆಯ ಫ್ಲೂ ಲೋಕದಲ್ಲಿ ಸುಮಾರು ಮೂರರಿಂದ ಆರೂವರೆ ಲಕ್ಷ ಜನರ ಜೀವ ತೆಗೆಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದಕ್ಕೆ ದಪ್ಪಕ್ಷರದ ತಲೆಬರಹ ಯಾರೂ ಕೊಡುವುದಿಲ್ಲ.

ಈಗ ಆ ವಿದ್ಯಾರ್ಥಿನಿಯ ಹಕ್ಕಿಜ್ವರಕ್ಕೆ ಬರೋಣ. 1997ರಲ್ಲಿ ಹಾಂಗ್‌ಕಾಂಗಿನಲ್ಲಿ ಹದಿನೆಂಟು ಮಂದಿಗೆ ತಗಲಿ ಆರು ಮಂದಿಯನ್ನು ಕೊಂದ ವೈರಸ್ಸು ಇದು. ನಮ್ಮ ಹೆಸರಘಟ್ಟದ ಕೋಳಿಸಾಕಣೆ ಕೇಂದ್ರಕ್ಕೂ 2012ರಲ್ಲಿ ಬಂದಿತ್ತು. 2024ರಲ್ಲಿ ಅಮೆರಿಕದ ಹಾಲಿನ ಹಸುಗಳಿಗೂ ತಗಲಿತೆಂದು ಕೇಳಿ ವಿಜ್ಞಾನಿಗಳೇ ಬೆರಗಾದರು. 2003ರಿಂದೀಚೆಗೆ ಲೋಕದಲ್ಲಿ ಇದು ತಗಲಿದರೆಂದು ದಾಖಲಾದ ಒಂಬೈನೂರಕ್ಕೂ ಹೆಚ್ಚು ಜನರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಸತ್ತಿದ್ದಾರೆ. ಈ ‘ಅರ್ಧ’ವೆಂಬ ಮಾತು ಎದೆ ನಡುಗಿಸುತ್ತದೆ. ಆದರೆ ಆಸ್ಪತ್ರೆಯವರೆಗೆ ಬಂದವರು ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ. ಮೆಲ್ಲಗೆ ಬಂದು ವಾಸಿಯಾದವರು ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇದು ಮನುಷ್ಯನಿಂದ ಮನುಷ್ಯನಿಗೆ ಸರಾಗವಾಗಿ ಹರಡುವುದನ್ನು ಈವರೆಗೆ ಕಲಿತಿಲ್ಲ. ಕಲಿಯಲಾರದೆಂದು ಹೇಳುವಂತಿಲ್ಲ. ಫ್ಲೂ ವೈರಸ್ಸಿನ ಆನುವಂಶಿಕ ದ್ರವ್ಯ ಎಂಟು ತುಂಡುಗಳಲ್ಲಿದೆ; ಎರಡು ಬಗೆಯ ವೈರಸ್ಸುಗಳು ಒಂದೇ ಹಂದಿಯ ದೇಹದಲ್ಲಿ ಕೂಡಿದರೆ, ಇಸ್ಪೀಟೆಲೆ ಕಲಸಿದಂತೆ ತುಂಡುಗಳು ಅದಲುಬದಲಾಗಿ ಹೊಸದೊಂದು ಹುಟ್ಟಬಹುದು. ಆದ್ದರಿಂದ ಅದನ್ನು ಕಾಯುವ ಕೆಲಸ ವಿಜ್ಞಾನಿಗಳದೂ ಸರ್ಕಾರದ್ದೂ. ಆ ಕಾವಲಿಗೆ ದುಡ್ಡು ಸಲ್ಲುತ್ತಿದೆಯೇ ಎಂದು ಕೇಳುವ ಕೆಲಸ ನಮ್ಮದು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಪಾಡನ್ನು 2020ರಲ್ಲಿ ಕೊರೋನಾ ನಮಗೆಲ್ಲ ಕಾಣಿಸಿದೆ.

ಮನೆಯೊಳಗಿನ ಕೆಲಸ ಸಣ್ಣದು. ಚೆನ್ನಾಗಿ ಬೇಯಿಸಿದ ಮೊಟ್ಟೆಗೂ ಕಾಯಿಸಿದ ಹಾಲಿಗೂ ಹೆದರಬೇಕಿಲ್ಲ; ಸತ್ತುಬಿದ್ದ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಹೊಸ ಜ್ವರದ ಸುದ್ದಿ ಬಂದಾಗ, ಅದು ಜನರಿಂದ ಜನರಿಗೆ ಹರಡುತ್ತಿದೆಯೇ ಎಂದು ಮೊದಲು ನೋಡಬೇಕು. ಆಮೇಲೆ, ನಮ್ಮ ಮನೆಯಲ್ಲಿ ಯಾರಿದ್ದಾರೆ ಎಂದು ನೋಡಬೇಕು. ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, ಅರುವತ್ತೈದು ದಾಟಿದವರು, ಸಕ್ಕರೆ ಕಾಯಿಲೆ, ಉಬ್ಬಸ, ಹೃದ್ರೋಗ ಇರುವವರು ಇದ್ದರೆ ‘ಬರೀ ಫ್ಲೂ’ ಎಂಬ ಮಾತು ಆಡಕೂಡದು. ಅವರಿಗೆ ವರ್ಷಕ್ಕೊಮ್ಮೆ ಲಸಿಕೆಯುಂಟು. ಮೊದಲ ಎರಡು ದಿನದಲ್ಲಿ ಕೊಟ್ಟರೆ ಚೆನ್ನಾಗಿ ಫಲಿಸುವ ಮದ್ದೂ ಉಂಟು. ಉಸಿರು ಕಟ್ಟಿದರೆ, ಎದೆ ನೊಂದರೆ, ಮಾತು ತಡವರಿಸಿದರೆ, ಇಳಿದ ಜ್ವರ ಮತ್ತೆ ಏರಿದರೆ ಯಾರೇ ಆಗಲಿ ಕಾಯಬಾರದು.

ಕನ್ನಡದಲ್ಲಿ ‘ಎಚ್ಚರ’ವೆಂಬ ಪದಕ್ಕೆ ನಿದ್ದೆಯಿಲ್ಲದ ಸ್ಥಿತಿಯೆಂಬ ಅರ್ಥವೂ ಇದೆ, ಜಾಗರೂಕತೆಯೆಂಬ ಅರ್ಥವೂ ಇದೆ. ಭಯ ನಮ್ಮ ನಿದ್ದೆಯನ್ನು ಮಾತ್ರ ಕೆಡಿಸುತ್ತದೆ. ಮರುದಿನ ತರಗತಿಯಲ್ಲಿ ನಾನು ಆ ಹುಡುಗಿಗೆ ಹೇಳಿದ್ದು ಇಷ್ಟೆ: ‘ಪತ್ರಿಕೆ ಓದುವಾಗ ಇಷ್ಟು ಹೆದರಬೇಕಿಲ್ಲ; ಮನೆಯಲ್ಲಿ ಯಾರಾದರೂ ಮಲಗಿದಾಗ ಇನ್ನಷ್ಟು ಹೆದರಬೇಕು.’

ಅಕ್ಕ ಇಂದಿಗೂ ನಮ್ಮ ಮನೆಯ ಮಹಡಿ ಹತ್ತುವಾಗ ನಡುವೆ ಒಮ್ಮೆ ನಿಲ್ಲುತ್ತಾಳೆ. ಗೋಡೆಯ ಮೇಲಿನ ಪಟವನ್ನು ನೋಡುವವಳಂತೆ ನಿಲ್ಲುತ್ತಾಳೆ. ನಾನೂ ಅವಳ ಜೊತೆಗೆ ಆ ಪಟವನ್ನು ನೋಡುತ್ತ ನಿಲ್ಲುತ್ತೇನೆ.